ಕೊನೆಮನೆಯವರ ಪರದೆ

ತಮ್ಮ ಮನೆಯ ಬಾಗಿಲನ್ನು ತಾವೇ ತಟ್ಟಿ ಒಳಗೆ ಬರುವವರನ್ನು ನಾನು ಕಂಡಿರುವುದು ಒಬ್ಬರನ್ನೇ. ಪೀಣ್ಯದ ಹತ್ತಿರ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾವಿದ್ದ ಸಾಲಿನ ಕೊನೆಯ ಮನೆ ಅವರದು. ಕುರ್ಚಿಯನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿದರೂ ಸಾಕು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬರುವರು, ಚಪ್ಪಲಿ ಮೆಟ್ಟುವರು, ಗೇಟಿನವರೆಗೆ ಹೋಗಿ ತಿರುಗಿ ಬಂದು ಬಾಗಿಲು ತಟ್ಟುವರು. ಒಳಗೆ ಯಾರೂ ಇಲ್ಲದಿದ್ದರೂ ಸ್ವಲ್ಪ ಹೊತ್ತು ಕಾಯುವರು. ಆಮೇಲೆ ಚಪ್ಪಲಿ ಬಿಟ್ಟು, ನೆಂಟರ ಹಾಗೆ ಸಂಕೋಚದಿಂದ ಒಳಗೆ ಕಾಲಿಟ್ಟು, ಕುರ್ಚಿಯ ತುದಿಯಲ್ಲಿ ಕೂತು ಸುತ್ತ ನೋಡುವರು. "ಮನೇಲಿರೋರಿಗೆ ಮನೆ ಕಾಣ್ಸಲ್ಲ ಕಣ್ರೀ. ಬಂದೋರ ಥರ ಬಂದು ನೋಡ್ಬೇಕು," ಎನ್ನುವರು.

ಹೋದ ತಿಂಗಳು ಅವರು ತೀರಿಕೊಂಡರು. ರಾಜಗೋಪಾಲನಗರದ ತರಕಾರಿ ಅಂಗಡಿಯ ಮುಂದೆ ಅವರ ಮಗಳು ಸಿಕ್ಕಿ ಹೇಳಿದಳು. ನನ್ನ ನಾದಿನಿಯ ಗೆಳತಿಯಾದ್ದರಿಂದ ಅವಳಿಗೂ ನಾನು ಅತ್ತಿಗೆಯೇ. "ಕೊನೇ ವಾರ ಮಂಚ ಕಿಟಕಿ ಕಡೆ ತಿರುಗಿಸಿ ಅಂದ್ರು ಅತ್ತಿಗೆ. ನಾನೂ ಇವರೂ ಕಷ್ಟಪಟ್ಟು ತಿರುಗಿಸಿದ್ವಿ. ಅಷ್ಟು ಹೊತ್ತು ನೋಡಿ, ಊಹೂಂ, ಮೊದಲೇ ಚೆನ್ನಾಗಿತ್ತು, ಹಂಗೇ ಇಟ್ಬಿಡಿ ಅಂದ್ರು," ಎಂದು ನಕ್ಕಳು. ನಾನೂ ನಕ್ಕೆ. ಹುರುಳಿಕಾಯಿ ತೂಗುತ್ತಿದ್ದವನು ನಮ್ಮಿಬ್ಬರ ಮುಖ ನೋಡಿದ. ಮನೆಗೆ ಬಂದು ಅವರ ವಿಷಯ ಬರೆಯೋಣವೆಂದು ಕೂತಾಗ, ಅವರ ತವರಾಗಲಿ ಓದಾಗಲಿ ನನಗೆ ಸರಿಯಾಗಿ ಗೊತ್ತೇ ಇಲ್ಲವೆಂದು ಹೊಳೆಯಿತು. ನನಗೆ ಗೊತ್ತಿರುವುದು ಅವರ ಮನೆಯ ಹಾಲ್ ಒಂದೇ. ಅದಾದರೆ ಕಣ್ಣು ಮುಚ್ಚಿದರೂ ಕಾಣುತ್ತದೆ.

ಕ್ವಾರ್ಟರ್ಸ್ ಎಂದರೆ ಎಲ್ಲ ಮನೆಯೂ ಒಂದೇ ಅಚ್ಚು. ಮುಂದೆ ಕಬ್ಬಿಣದ ಜಾಲರಿಯ ಪಡಸಾಲೆ, ಆಮೇಲೆ ಹಾಲ್, ಪಕ್ಕಕ್ಕೊಂದು ಕೋಣೆ, ಹಿಂದೆ ಅಡುಗೆಮನೆ. ನೆಲಕ್ಕೆ ಕೆಂಪು ಕಾವಿ, ಗೋಡೆಗೆ ಆಸ್ಪತ್ರೆಯಂಥ ತಿಳಿಹಸಿರು. ಹಾಲಿನಿಂದ ಅಡುಗೆಮನೆಗೆ ಹೋಗುವ ಬಾಗಿಲ ಮೇಲೆ, ಪರದೆಯ ಕೋಲು ಕೂರಿಸಲು ಎರಡು ಕೊಕ್ಕೆ. ಆ ಕೊಕ್ಕೆ ಬಿಟ್ಟರೆ ಬೇರೆ ಮೊಳೆ ಹೊಡೆಯುವ ಹಾಗಿರಲಿಲ್ಲ. ನಾವೆಲ್ಲ ಕದ್ದು ಒಂದೊಂದು ಹೊಡೆದುಕೊಂಡು, ಕ್ಯಾಲೆಂಡರ್ ತೂಗುಹಾಕಿ, ತಪಾಸಣೆಗೆ ಬಂದವರ ಮುಂದೆ ಕ್ಯಾಲೆಂಡರಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆವು. ಅವರು ಮಾತ್ರ ಒಂದು ಮೊಳೆಯನ್ನೂ ಹೊಡೆಯದೆ ಆ ಹಾಲನ್ನು ಬೇರೆಯೇ ಊರು ಮಾಡಿಕೊಂಡಿದ್ದರು.

ಬೆತ್ತದ ಕುರ್ಚಿಗಳಿಗೆ ಹಳೆಯ ರೇಷ್ಮೆ ಸೀರೆಯ ಅಂಚು ಹಚ್ಚಿದ ದಿಂಬು. ರೇಡಿಯೋದ ಮೇಲೆ ಎರಡು ಜಿಂಕೆಗಳ ಕಸೂತಿಯ ಹೊದಿಕೆ. ಕಾರ್ಖಾನೆಯ ಹರಾಜಿನಲ್ಲಿ ಕೊಂಡ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಿಂದ ಮಾಡಿಸಿದ ನಿಲುವು ಶೋಕೇಸು, ಅದರೊಳಗೆ ಚನ್ನಪಟ್ಟಣದ ಬೊಂಬೆಗಳು, ಕಪ್ಪೆಚಿಪ್ಪಿನ ನವಿಲು, ಗಾಜಿನ ಬಾತುಕೋಳಿ. ಪ್ಲಾಸ್ಟಿಕ್ ಹೂಗಳಿಗೆ ಶುಕ್ರವಾರ ಶುಕ್ರವಾರ ಸೀಗೆಪುಡಿಯ ಸ್ನಾನ. "ನಿಮ್ಮ ಮನೆ ಗುಲಾಬಿಗೆ ಎಣ್ಣೆ ಹಚ್ಚೋದೊಂದು ಬಾಕಿ ನೋಡಿ," ಎಂದು ನಮ್ಮತ್ತೆ ಹಂಗಿಸುತ್ತಿದ್ದರು. "ಹಚ್ಚಿ ನೋಡ್ದೆ ಕಣಮ್ಮ, ಧೂಳು ಜಾಸ್ತಿ ಕೂರುತ್ತೆ," ಎಂದು ಅವರು ನಿಜವಾಗಿಯೇ ಉತ್ತರ ಕೊಡುತ್ತಿದ್ದರು.

ಇದೆಲ್ಲ ಅವರಿಗೆ ಎಲ್ಲಿಂದ ಹೊಳೆಯುತ್ತಿತ್ತು ಎಂದರೆ, ಕಾರ್ಖಾನೆಯ ಆಸ್ಪತ್ರೆಯಿಂದ. ಕಾಯುವ ಕೋಣೆಯ ಮೇಜಿನ ಮೇಲೆ ಯಾರೋ ಆಫೀಸರ ಮನೆಯಿಂದ ಬಂದ ಹಳೆಯ ಇಂಗ್ಲಿಷ್ ಪತ್ರಿಕೆಗಳು ಬಿದ್ದಿರುತ್ತಿದ್ದವು. ಅವರಿಗೆ ಅದರ ಅಕ್ಷರ ಬೇಕಿರಲಿಲ್ಲ, ಚಿತ್ರ ಸಾಕು. ಸರದಿ ಬಂದರೂ "ನೀವು ಮುಂದೆ ಹೋಗಿ ಪರವಾಗಿಲ್ಲ" ಎಂದು ಹಿಂದಿನವರನ್ನು ಒಳಗೆ ಕಳಿಸಿ ಹಾಳೆ ಮಗುಚುತ್ತಿದ್ದರು. ಮಗಳಿಗೆ ನೆಗಡಿಯಾದ ವಾರ ಅವರ ಹಾಲಿನಲ್ಲಿ ಏನಾದರೊಂದು ಜಾಗ ಬದಲಾಗುವುದು ನಮಗೆಲ್ಲ ಗೊತ್ತಿದ್ದ ಸಂಗತಿ.

ಅವರ ಯಜಮಾನರು ಟೂಲ್ ರೂಮಿನಲ್ಲಿದ್ದರು. ಮಾತು ಕಡಿಮೆ. ಲೇತ್ ಯಂತ್ರದಿಂದ ಸುರುಳಿ ಸುರುಳಿಯಾಗಿ ಬೀಳುವ ಹಿತ್ತಾಳೆಯ ಸಿಪ್ಪೆಯನ್ನು ಯಾರೋ ವರ್ಣಿಸಿದ್ದನ್ನು ಕೇಳಿ, ಅದನ್ನೊಂದಿಷ್ಟು ತಂದರೆ ಗಾಜಿನ ಜಾಡಿಯಲ್ಲಿ ಹೂವಿನ ಹಾಗೆ ಇಡಬಹುದೆಂದು ಅವರು ವರ್ಷಗಟ್ಟಲೆ ಗಂಡನಿಗೆ ದುಂಬಾಲು ಬಿದ್ದಿದ್ದರು. "ಗೇಟಲ್ಲಿ ತಡವಿ ನೋಡ್ತಾರೆ ಕಣೇ. ಹೂವು ಅಂದ್ರೆ ಸೆಕ್ಯುರಿಟಿಯೋನು ನಂಬ್ತಾನಾ?" ಎಂದು ಯಜಮಾನರು ಕೊನೆಗೂ ಒಂದು ಎಳೆಯನ್ನೂ ತರಲಿಲ್ಲ. ಆ ಜಾಡಿ ಮಾತ್ರ ಬಹಳ ಕಾಲ ಖಾಲಿಯಾಗಿಯೇ ಶೋಕೇಸಿನ ಮೇಲಿತ್ತು. ಏನಕ್ಕ ಇದು ಎಂದರೆ, "ಹಿತ್ತಾಳೆ ಹೂವಿಗೆ," ಎನ್ನುವರು.

ಕಾರ್ಖಾನೆಯವರು ಬಣ್ಣ ಬಳಿಸಿದ ಒಂದು ವರ್ಷ, ಬಳಿಯುವವರಿಗೆ ಎರಡು ಸಲ ಕಾಫಿ ಕೊಟ್ಟು, ಒಂದೇ ಒಂದು ಗೋಡೆಗೆ ತಾವು ತಂದ ಕಾವಿಪುಡಿಯನ್ನು ಬೆರೆಸಿ ಇಟ್ಟಿಗೆ ಬಣ್ಣ ಹೊಡೆಸಿದರು. ಸಾಲಿನವರೆಲ್ಲ ನೋಡಲು ಹೋದೆವು. ಮೂರು ಗೋಡೆ ಹಸಿರು, ಒಂದು ಗೋಡೆ ಕೆಂಪು. ಹೆಗ್ಗನಹಳ್ಳಿ ಕಡೆಯಿಂದ ಹಾಲು ತರುತ್ತಿದ್ದ ಹೆಂಗಸು ಬಾಗಿಲಲ್ಲೇ ನಿಂತು, "ಯಾಕವ್ವಾ, ಬಣ್ಣ ಸಾಲ್ದೇ ಓಯ್ತಾ? ನಮ್ಮಟ್ಟೀಲಿ ಒಸಿ ಸುಣ್ಣ ಐತೆ, ಬೇಕಾದ್ರೆ ತತ್ತೀನಿ," ಎಂದಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸುಣ್ಣ ಬೇಡಮ್ಮ. ಕಣ್ಣು ಒಂದು ಕಡೆ ನಿಲ್ಲಬೇಕಲ್ವಾ, ಅದಕ್ಕೆ," ಎಂದರು. ಅವಳು ನಿಂತು ಯೋಚಿಸಿ, "ಅದೂ ಅಂಗೇ ಅನ್ನಿ," ಎಂದು ಹಾಲು ಸುರಿದು ಹೋದಳು.

ಆ ಸಾಲಿನಲ್ಲಿ ಒಂದು ರೂಢಿಯಿತ್ತು. ಯಾರು ಶುರು ಮಾಡಿದರೋ ತಿಳಿಯದು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದು ನಡೆದುಕೊಂಡು ಬಂದಿತ್ತು. ಯಾರ ಮನೆಗಾದರೂ ಹೆಣ್ಣು ನೋಡಲು ಬರುತ್ತಾರೆಂದರೆ, ಹಿಂದಿನ ದಿನ ಸಂಜೆ ಕೊನೆಮನೆಯವರ ಹಾಲ್ ಆ ಮನೆಗೆ ಹೋಗುತ್ತಿತ್ತು. ಒಬ್ಬರು ಕುರ್ಚಿ ಎತ್ತುವರು, ಇನ್ನೊಬ್ಬರು ದಿಂಬು. ರೇಡಿಯೋದ ಹೊದಿಕೆ, ಬೊಂಬೆಗಳು, ಬಾಗಿಲ ಪರದೆ ಎಲ್ಲ ಹೊರಡುತ್ತಿದ್ದವು. ಎಲ್ಲ ಮನೆಯೂ ಒಂದೇ ಅಳತೆಯಾದ್ದರಿಂದ ಪರದೆ ಎಲ್ಲಿಗೆ ಹೋದರೂ ಸರಿಯಾಗಿ ಕೂರುತ್ತಿತ್ತು, ಕುರ್ಚಿಗೆ ಅದದೇ ಮೂಲೆ ಸಿಗುತ್ತಿತ್ತು. ಅವರು ಹಿಂದಿನಿಂದ ಬಂದು ಎಲ್ಲ ಜೋಡಿಸಿ, ಹೊರಗೆ ಹೋಗಿ, ಬಾಗಿಲು ತಟ್ಟಿ, ನೆಂಟರಾಗಿ ಒಳಗೆ ಬಂದು ಕೂತು ನೋಡಿ, ಬೊಂಬೆಯನ್ನು ಬೆರಳಷ್ಟು ಸರಿಸಿ ಹೋಗುವರು. ಮಾರನೆಯ ದಿನ ಎಲ್ಲ ವಾಪಸ್ಸು. ಅದನ್ನು ಎರವಲು ಎಂದು ನಾವು ಯಾರೂ ಕರೆಯುತ್ತಿರಲಿಲ್ಲ. "ಇವತ್ತು ಕೊನೆಮನೆ ಯಾರ ಮನೇಲಿ?" ಎಂದು ಕೇಳುತ್ತಿದ್ದೆವು, ಅಷ್ಟೆ.

ಇದರಲ್ಲೆಲ್ಲ ದೊಡ್ಡದು ಆ ಪರದೆ. ಆಗ ಎಲ್ಲ ಕಡೆಯೂ ಅದು ಹೊಸ ಮೋಜಾಗಿತ್ತು. ಲಗ್ನಪತ್ರಿಕೆಗಳನ್ನು ಉದ್ದುದ್ದ ತ್ರಿಕೋನವಾಗಿ ಕತ್ತರಿಸಿ, ದಬ್ಬಣಕ್ಕೆ ಸುತ್ತಿ, ಗೋಂದು ಹಚ್ಚಿ ಮಣಿ ಮಾಡಿ, ಮೇಲೆ ವಾರ್ನಿಷ್ ಬಳಿದು, ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪುಗಳಿಂದ ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುವುದು. ಅಂಥ ಸರಗಳನ್ನು ಸಾಲಾಗಿ ಕೋಲಿಗೆ ಇಳಿಬಿಟ್ಟರೆ ಬಾಗಿಲ ಪರದೆ. ಅರಿಸಿನ, ಕುಂಕುಮ, ಚಿನ್ನದ ಗೆರೆ ಎಲ್ಲ ಮಿರಿಮಿರಿ ಎನ್ನುತ್ತಿದ್ದವು. ದಾಟಿ ಹೋದಾಗ ದೂರದಲ್ಲಿ ಯಾರೋ ಅಕ್ಕಿ ಆರಿಸುತ್ತಿರುವ ಹಾಗೆ ಸದ್ದು. ತಾಯಿ ಮಗಳು ಇಬ್ಬರೂ ಕೂತು ವರ್ಷಗಟ್ಟಲೆ ಸುತ್ತಿದ್ದರು. ಕಾಲೋನಿಯ ಯಾವ ಮದುವೆಯಾದರೂ ಮಿಕ್ಕ ಪತ್ರಿಕೆ ಅವರ ಮನೆಗೇ ಹೋಗುತ್ತಿತ್ತು.

ನಮ್ಮತ್ತೆಗೆ ಮೊದಮೊದಲು ಅದು ಸರಿಬರಲಿಲ್ಲ. "ಲಗ್ನಪತ್ರಿಕೆಗೆ ಕತ್ತರಿ ಹಾಕೋದಾ? ಶುಭವಾ ಅದು?" ಎಂದು ಮುಖದ ಮೇಲೇ ಕೇಳಿದರು. ಅವರು ಕತ್ತರಿ ಕೆಳಗಿಟ್ಟು ಹೇಳಿದ್ದು ಇದು: "ದೇವರ ಹೆಸರಿರೋ ತುದಿ ಬೇರೆ ತೆಗೆದು ತುಳಸಿ ಬುಡಕ್ಕೆ ಹಾಕ್ತೀನಮ್ಮ. ಹುಡುಗ ಹುಡುಗಿ ಹೆಸರಿಗೆ ಕತ್ತರಿ ತಾಗಿಸಲ್ಲ. ಎರಡನ್ನೂ ಒಂದೇ ಮಣಿ ಒಳಗಡೆ ಸುತ್ತಿಬಿಡ್ತೀನಿ. ಆಮೇಲೆ ಜಗಳ ಆಡಿದ್ರೂ ಹೊರಗೆ ಬರಕ್ಕಾಗಲ್ಲ." ಅತ್ತೆ ನಕ್ಕರು. ಮುಂದಿನ ವಾರ ತಮ್ಮ ಪೆಟ್ಟಿಗೆಯಲ್ಲಿದ್ದ ಹಳೆಯ ಪತ್ರಿಕೆಗಳನ್ನೆಲ್ಲ ತೆಗೆದುಕೊಂಡು ಹೋಗಿ ಕೊಟ್ಟರು.

ಪರದೆಯ ಬಲತುದಿಯ ಸರ ಮಾತ್ರ ಅರ್ಧಕ್ಕೇ ನಿಂತಿತ್ತು. ಯಾರು ಕೇಳಿದರೂ ಮಗಳನ್ನು ಗದ್ದದಿಂದಲೇ ತೋರಿಸಿ, "ಅದು ಇವಳ ಪತ್ರಿಕೆಗೆ ಬಿಟ್ಟಿರೋ ಜಾಗ," ಎನ್ನುವರು. ಹುಡುಗಿ ಎದ್ದು ಒಳಗೆ ಹೋಗುತ್ತಿದ್ದಳು.

ನನ್ನ ನಾದಿನಿಯನ್ನು ನೋಡಲು ತುಮಕೂರಿನಿಂದ ಬಂದದ್ದು ಈ ಪರದೆಯ ಕಾಲದಲ್ಲೇ. ಟಿ.ವಿ. ನಮ್ಮ ಸಾಲಿಗೆ ಇನ್ನೂ ಕಾಲಿಟ್ಟಿರಲಿಲ್ಲ. ವಾಡಿಕೆಯಂತೆ ಕೊನೆಮನೆಯ ಹಾಲ್ ನಮ್ಮ ಮನೆಗೆ ಬಂತು. ಹುಡುಗ, ಅವನ ತಂದೆ ತಾಯಿ, ಜೊತೆಗೆ ಅವನ ದೊಡ್ಡಮ್ಮ. ಮಾತೆಲ್ಲ ದೊಡ್ಡಮ್ಮನದೇ. ಕೂತ ಕಡೆಯಿಂದಲೇ ಕಣ್ಣು ಮೂಲೆ ಮೂಲೆ ಗುಡಿಸುತ್ತಿತ್ತು. ಪರದೆಯ ಮೇಲೆ ಬಂದು ನಿಂತಿತು.

"ಭಾಳ ಚೆನ್ನಾಗಿದೆಯಲ್ರೀ! ಇದು ಯಾರು ಮಾಡಿದ್ದು?"

ನಮ್ಮತ್ತೆ ಒಂದು ಉಸಿರೂ ಬಿಡದೆ, "ನಮ್ಮ ಹುಡುಗೀನೇ. ಅವಳಿಗೆ ಕೈ ಸುಮ್ನೆ ಇರಲ್ಲ," ಎಂದುಬಿಟ್ಟರು.

ನನ್ನ ನಾದಿನಿಗೆ ಗುಂಡಿ ಹೊಲಿಯಲೂ ಬಾರದು. ತಲೆ ಬಗ್ಗಿಸಿಕೊಂಡು ಕೂತಿದ್ದವಳು ಇನ್ನಷ್ಟು ಬಗ್ಗಿಸಿದಳು. ಬಂದವರು ಅದನ್ನು ನಾಚಿಕೆ ಎಂದುಕೊಂಡರು. ತಟ್ಟೆ ಹಿಡಿದು ಹಿಂದೆ ನಿಂತಿದ್ದವಳು ಕೊನೆಮನೆಯ ಹುಡುಗಿ. ಆ ಪರದೆಯ ಅರ್ಧದಷ್ಟು ಮಣಿ ಸುತ್ತಿದವಳು ಅವಳೇ. ಅವಳು ತುಟಿ ಕಚ್ಚಿಕೊಂಡು ನಗು ತಡೆದಳು. ಆ ರಾತ್ರಿ ಇಬ್ಬರೂ ಹಿತ್ತಿಲ ಕಲ್ಲಿನ ಮೇಲೆ ಕೂತು, ಒಬ್ಬಳ ಬಾಯಿ ಇನ್ನೊಬ್ಬಳು ಮುಚ್ಚುತ್ತ ನಕ್ಕದ್ದು ನನಗೆ ಕೇಳಿಸಿತು. ಮದುವೆ ಗೊತ್ತಾಯಿತು. ಪತ್ರಿಕೆ ಅಚ್ಚಿಗೆ ಹೋಯಿತು.

ಆ ದೊಡ್ಡಮ್ಮನಿಗೆ ತಟ್ಟೆ ಹಿಡಿದ ಹುಡುಗಿಯೂ ಕಣ್ಣಿಗೆ ಬಿದ್ದಿದ್ದಳು. ಅವಳು ಯಾರು, ಯಾವ ಕಡೆಯವರು ಎಂದು ವಿಚಾರಿಸಿ, ತಮ್ಮ ಎರಡನೆಯ ಮಗನಿಗೆ ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಹುಡುಗ ಬ್ಯಾಂಕಿನಲ್ಲಿದ್ದ. ಕೊನೆಮನೆಯಲ್ಲಿ ಸಡಗರವೋ ಸಡಗರ. ಅವರ ಯಜಮಾನರು ಕೂಡ ಅವತ್ತು ನಾಲ್ಕು ಮಾತು ಹೆಚ್ಚಿಗೆ ಆಡಿದರು. ನಾನು ಬೆಳಿಗ್ಗೆಯೇ ಹೋಗಿ ಕೇಸರಿಬಾತಿಗೆ ರವೆ ಹುರಿದುಕೊಟ್ಟೆ. ನಮ್ಮತ್ತೆಯೂ ಬಂದು ಬಾಳೆಲೆ ಒರೆಸುತ್ತ ಕೂತರು. ಅವರು ಎಂದಿನಂತೆ ಹೊರಗೆ ಹೋಗಿ ಬಾಗಿಲು ತಟ್ಟಿ ಬಂದು ಕೂತು ನೋಡಿದರು. ಎಲ್ಲ ಅದರದರ ಜಾಗದಲ್ಲಿತ್ತು. ಜಿಂಕೆ, ನವಿಲು, ಪರದೆ. ಇಷ್ಟು ಜನ ಹೆಂಗಸರಿದ್ದೆವಲ್ಲ, ಬರುವವರು ಇದೇ ಹಾಲನ್ನು ನಮ್ಮ ಮನೆಯಲ್ಲಿ ಒಮ್ಮೆ ನೋಡಿ ಹೋಗಿದ್ದಾರೆಂಬುದು ಒಬ್ಬರ ತಲೆಗೂ ಹೋಗಲಿಲ್ಲ. ಸಾಮಾನು ಯಾವತ್ತು ಯಾವ ಮನೆಯಲ್ಲಿದ್ದರೆ ಆವತ್ತಿಗೆ ಅದು ಅವರದು ಎಂಬುದು ಅಷ್ಟರಮಟ್ಟಿಗೆ ಅಭ್ಯಾಸವಾಗಿಹೋಗಿತ್ತು.

ದೊಡ್ಡಮ್ಮ ಒಳಗೆ ಬಂದವರೇ ಹೊಸಿಲಲ್ಲಿ ನಿಂತರು. ನಾನು ಅಡುಗೆಮನೆಯಿಂದ ಪರದೆಯ ಸರಗಳ ನಡುವೆ ಅವರ ಮುಖ ನೋಡುತ್ತಿದ್ದೆ. ಕುರ್ಚಿ ನೋಡಿದರು, ರೇಡಿಯೋ ನೋಡಿದರು, ನಾನಿದ್ದ ಕಡೆಗೇ ನೋಡಿದರು.

"ಇದು ಅಲ್ಲಿ ಆ ಹುಡುಗಿ ಮಾಡಿದ್ದ ಪರದೆ ಅಲ್ವೇನ್ರೀ?"

ದೊಡ್ಡಮ್ಮ ಹೊಸಿಲು ದಾಟಿ ಪರದೆಯ ಹತ್ತಿರಕ್ಕೇ ಬಂದರು.

"ಅದೇ ಕಣ್ರೀ. ಆ ಕಡೇ ಸರ ಮೊಟಕಾಗಿದೆ ನೋಡಿ, ಆವತ್ತೇ ಗಮನಿಸಿದ್ದೆ. ಮುಗಿಸೋಕೆ ಹೇಳಮ್ಮ ಸೊಸೆಗೆ ಅಂತ ತಂಗೀಗೂ ಹೇಳಿದ್ದೆ."

ನನ್ನ ಪಕ್ಕದಲ್ಲಿದ್ದ ನಮ್ಮತ್ತೆಯ ಕೈ ಬಾಳೆಲೆಯ ಮೇಲೆ ನಿಂತುಬಿಟ್ಟಿತು. ಹಾಲಿನಲ್ಲಿ ಅವರ ಯಜಮಾನರು ಗಂಟಲು ಸರಿಮಾಡಿಕೊಂಡರು. ಅವರು ಏನೋ ಹೇಳಲು ಹೊರಟರೆಂದು ನನಗೆ ಗೊತ್ತಾಯಿತು. ಏನು ಹೇಳುತ್ತಾರೆಂಬುದೂ ಗೊತ್ತಾಯಿತು. ಇದು ನಮ್ಮದು, ನಮ್ಮ ಹುಡುಗಿ ಮಾಡಿದ್ದು ಎಂದು ಒಂದು ಮಾತು ಬಂದರೆ ಸಾಕು, ಈ ಮನೆಗೆ ಕೀರ್ತಿ. ನನ್ನ ನಾದಿನಿ ಮತ್ತು ನಮ್ಮತ್ತೆ ಸುಳ್ಳುಗಾರರಾಗುತ್ತಿದ್ದರು. ತುಮಕೂರಿನ ಜನ ಅಂಥದ್ದನ್ನು ಸುಮ್ಮನೆ ಬಿಡುವವರಾಗಿರಲಿಲ್ಲ.

ಅಷ್ಟರಲ್ಲಿ ಅವರು ಗಂಡನ ಮಾತಿಗೆ ಅಡ್ಡ ಬಂದರು. ಸ್ವರ ಎಂದಿನ ಹಾಗೇ ಇತ್ತು.

"ಹೌದಮ್ಮ, ಅವರದ್ದೇ. ನೀವು ಬರ್ತೀರಲ್ಲ, ಹಾಲ್ ಸ್ವಲ್ಪ ಚೆನ್ನಾಗಿ ಕಾಣ್ಲಿ ಅಂತ ಕೇಳಿ ತಂದೆ."

"ಕುರ್ಚಿನೂ?"

"ಕುರ್ಚಿನೂ."

"ಆ ಜಿಂಕೆದೂ?"

"ಎಲ್ಲಾನೂ ಅಮ್ಮ."

ಹುಡುಗಿ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಪರದೆ ದಾಟಿ ಹೋಗಬೇಕು. ಒಂದು ಕ್ಷಣ ನಿಂತು, ಆಮೇಲೆ ಸರಗಳನ್ನು ಮೊಣಕೈಯಿಂದ ಸರಿಸಿಕೊಂಡು ಹೋಗಿ, ತಟ್ಟೆ ಇಟ್ಟು, ನಮಸ್ಕಾರ ಮಾಡಿ, ತೋರಿಸಿದ ಕಡೆ ಕೂತಳು. ಹೊಲಿಗೆ ಬರುತ್ತಾ ಎಂದು ಕೇಳಿದ್ದಕ್ಕೆ, "ಸ್ವಲ್ಪ ಬರುತ್ತೆ," ಎಂದಳು.

"ಕೇಳಿ ತಂದ್ರೆ ತಪ್ಪೇನಿಲ್ಲ ಬಿಡಿ," ಎಂದು ದೊಡ್ಡಮ್ಮ ಕೇಸರಿಬಾತು ತಿಂದರು. ವಾರ ಕಳೆದ ಮೇಲೆ ನಮ್ಮ ಬೀಗರ ಮೂಲಕ, ಅಂದರೆ ನಮ್ಮ ಮನೆಗೇ, ಸುದ್ದಿ ಬಂತು. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಮನೆ ಅವರಿಗೆ ಬೇಕಂತೆ. ಅದನ್ನು ಕೊನೆಮನೆಗೆ ಹೋಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಅವರು ಅವರೆಕಾಳು ಹಿಸುಕುತ್ತಿದ್ದರು. "ಹ್ಞೂಂ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ನೀವೂ ಒಂದಿಷ್ಟು ಹಿಸುಕಿ," ಎಂದು ಮೊರವನ್ನು ನನ್ನ ಕಡೆ ಸರಿಸಿದರು.

ಆದರೆ ಅದಕ್ಕೂ ಮೊದಲು ನಡೆದದ್ದನ್ನು ಹೇಳಬೇಕು. ಬಂದವರು ಬಸ್ಸಿಗೆ ಹೊರಟ ಅದೇ ಸಂಜೆ, ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅವರು. ಹೆಗಲ ಮೇಲೆ ಕೋಲಿಗೆ ಸುತ್ತಿದ ಪರದೆ, ಕಂಕುಳಲ್ಲಿ ಜಿಂಕೆಯ ಹೊದಿಕೆ, ಕೈಯಲ್ಲಿ ಬೊಂಬೆ ದಿಂಬುಗಳ ಚೀಲ. ಹಿಂದೆ ಯಜಮಾನರು ಎರಡು ಬೆತ್ತದ ಕುರ್ಚಿ ಹೊತ್ತು ನಿಂತಿದ್ದರು. ಮಗಳು ಬಂದಿರಲಿಲ್ಲ.

"ತಗೊಳ್ಳಿ. ನಿಮ್ಮ ಸಾಮಾನು. ವಾಪಸ್ ಕೊಡೋಕೆ ಬಂದೆ," ಎಂದರು.

ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತರು. "ಬೇಡ ಕಣಮ್ಮ. ನನ್ನ ಬಾಯಿಂದ ಆಗಿದ್ದು ಇದು. ನಾಳೆ ನಾನೇ ತುಮಕೂರಿಗೆ ಹೋಗಿ ಹೇಳ್ತೀನಿ."

"ಹೇಳಿ ಏನು ಮಾಡ್ತೀರಿ? ಮದುವೆ ಆದ್ಮೇಲೆ ಮೊದಲನೇ ದೀಪಾವಳಿಗೆ ಅಷ್ಟೂ ಜನ ಬರ್ತಾರೆ. ಆ ಅಮ್ಮನೂ ಬರ್ತಾರೆ. ಬಾಗಿಲು ಬೋಳಾಗಿದ್ರೆ ಏನಂತೀರಿ? ಸರೀರಿ ಸ್ವಲ್ಪ, ಕೋಲು ಎತ್ತಬೇಕು."

ಯಜಮಾನರು ಕುರ್ಚಿಯ ಮೇಲೆ ನಿಂತು ಕೋಲನ್ನು ಕೊಕ್ಕೆಗಳಿಗೆ ಕೂರಿಸಿದರು. ಅದೇ ಅಳತೆ, ಸರಿಯಾಗಿ ಕೂತಿತು. ಅವರು ಸರಗಳನ್ನು ಒಂದೊಂದಾಗಿ ಬಿಡಿಸಿ ನೇರ ಮಾಡಿದರು. ಆವತ್ತು ಮಾತ್ರ ಹೊರಗೆ ಹೋಗಿ ಬಾಗಿಲು ತಟ್ಟಿ ಬರಲಿಲ್ಲ. ಹಾಗೇ ಹೊರಟರು.

ಕ್ವಾರ್ಟರ್ಸಿನ ಗೋಡೆಗಳು ತೆಳು. ಅದಾದ ಎರಡು ಮೂರು ದಿನಕ್ಕೆ ನಾನು ಅವರ ಹಿತ್ತಿಲ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾಗ ಮಗಳ ಮಾತು ಕೇಳಿಸಿತು. "ಒಂದು ಮಾತು ನಾನು ಮಾಡಿದ್ದು ಅಂತ ಹೇಳಬಹುದಿತ್ತಲ್ಲಮ್ಮ." ಅವರು ಪಾತ್ರೆ ತಿಕ್ಕುತ್ತಲೇ ಹೇಳಿದರು. "ನಿನ್ನದು ಇನ್ನೂ ಶುರುನೇ ಆಗಿರಲಿಲ್ಲ ಕಣೇ. ಅವಳದ್ದು ಅಚ್ಚಿಗೆ ಹೋಗಿತ್ತು." ಆಮೇಲೆ ಮಗಳು ನನ್ನ ನಾದಿನಿಯ ಜೊತೆ ಹಿತ್ತಿಲ ಕಲ್ಲಿನ ಮೇಲೆ ಕೂರಲು ಬಹಳ ದಿನ ಬರಲಿಲ್ಲ. ನಾದಿನಿಯೇ ಒಂದು ದಿನ ಅವರ ಮನೆಗೆ ಹೋಗಿ, ಹುಡುಗಿಯ ಕೈ ಹಿಡಿದು ಅತ್ತು, ಮದುವೆಗೆ ಕರೆದು ಬಂದಳು. ಅವಳು ಬಂದಳು. ಮದುಮಗಳ ಜಡೆ ಹೆಣೆದದ್ದೂ ಅವಳೇ.

ದೀಪಾವಳಿಗೆ ದೊಡ್ಡಮ್ಮ ಬಂದರು. ಪರದೆ ನೋಡಿ, "ಬಂತಾ ವಾಪಸ್ಸು?" ಎಂದರು. ನಮ್ಮತ್ತೆ "ಹ್ಞೂಂ" ಎಂದು ಅಡುಗೆಮನೆಗೆ ಹೋದವರು ಊಟದ ಹೊತ್ತಿನವರೆಗೆ ಹೊರಗೆ ಬರಲಿಲ್ಲ.

ಕೊನೆಮನೆಯ ಹಾಲಿನಲ್ಲಿ ಆಮೇಲೆ ಉಳಿದದ್ದು ಚಾಪೆ, ಹೊದಿಕೆಯಿಲ್ಲದ ರೇಡಿಯೋ, ಶೋಕೇಸು, ಖಾಲಿ ಜಾಡಿ. ಬಾಗಿಲ ಮೇಲೆ ಎರಡು ಕೊಕ್ಕೆ. ಬೇರೆ ಪರದೆ ಮಾಡಿಕೊಳ್ಳಿ ಅಕ್ಕ, ಪತ್ರಿಕೆ ಬೇಕಾದಷ್ಟಿವೆ ಎಂದರೆ, "ಖಾಲಿ ಇದ್ರೆ ಗಾಳಿ ಬರುತ್ತೆ. ನೋಡ್ತಾ ಇರಿ, ಇನ್ನು ಮುಂದೆ ಖಾಲಿ ಗೋಡೇನೇ ಫ್ಯಾಷನ್ ಆಗುತ್ತೆ," ಎನ್ನುವರು. ಆಸ್ಪತ್ರೆಯ ಕಡೆ ಹೋಗುವುದು ಕಡಿಮೆಯಾಯಿತು. ಮಗಳಿಗೆ ನೆಗಡಿಯಾದರೆ ಮನೆಯಲ್ಲೇ ಕಷಾಯ. ಸಾಲಿನಲ್ಲಿ ಯಾರಿಗಾದರೂ ಹೆಣ್ಣು ನೋಡುವ ಶಾಸ್ತ್ರವಿದ್ದು ಹಳೆಯ ಅಭ್ಯಾಸದಿಂದ ಅವರಲ್ಲಿಗೆ ಹೋದರೆ, "ನನ್ನತ್ರ ಏನಿದೆ? ಅವರನ್ನ ಕೇಳಿ," ಎಂದು ನಮ್ಮ ಮನೆಗೆ ಕಳಿಸುತ್ತಿದ್ದರು. ನಾವು ಕೊಡುತ್ತಿದ್ದೆವು. ಜೋಡಿಸಲು ಮಾತ್ರ ನಮಗೆ ಬರುತ್ತಿರಲಿಲ್ಲ. ಕೊನೆಗೆ ಅವರನ್ನೇ ಕರೆಯಬೇಕಾಗುತ್ತಿತ್ತು. ಬಂದು ಜೋಡಿಸಿಕೊಡುತ್ತಿದ್ದರು. ಬರುವವರು ಈ ಮೊದಲು ಈ ಸಾಲಿಗೆ ಬಂದಿದ್ದರೇ ಎಂದು ಮೊದಲು ವಿಚಾರಿಸುವ ಪದ್ಧತಿಯನ್ನು ಆಮೇಲೆ ಎಲ್ಲರೂ ಇಟ್ಟುಕೊಂಡರು.

ಟಿ.ವಿ. ಬಂತು. ಅದಕ್ಕೆ ಬಾಗಿಲಿನ ಪೆಟ್ಟಿಗೆ, ಅದರ ಮೇಲೆ ಹೊದಿಕೆ, ಹೊದಿಕೆಯ ಮೇಲೆ ಹೂದಾನಿ ಎಂದು ಎಲ್ಲ ಮನೆಗಳಲ್ಲೂ ಹೊಸ ಅಲಂಕಾರ ಶುರುವಾಯಿತು. ಮಣಿ ಪರದೆಗಳನ್ನು ಜನ ಒಂದೊಂದಾಗಿ ಇಳಿಸಿ ಹೂವಿನ ಚಿತ್ರದ ಬಟ್ಟೆ ಹಾಕಿಕೊಂಡರು. ನಮ್ಮ ಮನೆಯದನ್ನು ನಾವು ಇಳಿಸುವಂತಿರಲಿಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವುದು ನನ್ನ ಕೆಲಸ. ಆ ಮೊಟಕು ಸರದ ತುದಿಗೆ ಬಂದಾಗ ಅತ್ತೆ ಬೇರೆ ಕಡೆ ನೋಡುತ್ತಿದ್ದರು.

ಅವರ ಮಗಳ ಮದುವೆ ಕೆಲವು ವರ್ಷ ಕಳೆದು ನಡೆಯಿತು. ಹುಡುಗ ಪೀಣ್ಯದಲ್ಲೇ ಒಂದು ಸಣ್ಣ ಕಾರ್ಖಾನೆಯ ಮೇಲ್ವಿಚಾರಕ. ನೋಡಲು ಬಂದವರು ಆ ಖಾಲಿ ಹಾಲಿನಲ್ಲಿ ಚಾಪೆಯ ಮೇಲೆ ಕೂತರು. ಹುಡುಗನ ತಾಯಿ ಸುತ್ತ ನೋಡಿ, "ಒಳ್ಳೆ ಗಾಳಿ ಬರುತ್ತೆ ನಿಮ್ಮನೇಲಿ," ಎಂದರಂತೆ. "ಅವತ್ತೇ ನಂಗೆ ಧೈರ್ಯ ಬಂತು," ಎಂದು ಕೊನೆಮನೆಯವರು ಆಮೇಲೆ ನನಗೆ ಹೇಳಿದರು. ಯಶವಂತಪುರದ ಛತ್ರದಲ್ಲಿ ಮದುವೆ. ನಾನೂ ಅತ್ತೆಯೂ ಎರಡು ದಿನ ಅಲ್ಲೇ ಇದ್ದೆವು.

ಮದುವೆಯ ಗಲಾಟೆ ಮುಗಿದ ಮುಂದಿನ ವಾರ, ಮಧ್ಯಾಹ್ನ, ಅವರು ನಮ್ಮ ಮನೆಗೆ ಬಂದರು. ಕೈಯಲ್ಲಿ ಮಿಕ್ಕ ಲಗ್ನಪತ್ರಿಕೆಗಳು, ಕತ್ತರಿ, ದಬ್ಬಣ, ಗೋಂದಿನ ಸೀಸೆ, ಒಂದು ಮುಷ್ಟಿ ಕ್ಲಿಪ್ಪು. ಯಾರನ್ನೂ ಏನೂ ಕೇಳದೆ ಬಾಗಿಲ ಬಳಿ ಕಾಲು ಚಾಚಿ ಕೂತರು. ದೇವರ ಹೆಸರಿದ್ದ ತುದಿಗಳನ್ನು ಮೊದಲು ಬೇರೆ ತೆಗೆದರು. ಆಮೇಲೆ ಉದ್ದುದ್ದ ಕತ್ತರಿಸಿ ಸುತ್ತತೊಡಗಿದರು. ಎಷ್ಟೋ ವರ್ಷವಾಗಿತ್ತಲ್ಲ, ಮೊದಲ ಮಣಿಗಳು ಸೊಟ್ಟಗಾದವು. ಬಿಚ್ಚಿ ಮತ್ತೆ ಸುತ್ತಿದರು. ಮಗಳು ಅಳಿಯನ ಹೆಸರಿದ್ದ ಪಟ್ಟಿಯನ್ನು ಮಾತ್ರ ನನಗೆ ತೋರಿಸಿ, ಒಂದೇ ಸಲಕ್ಕೆ ಬಿಗಿಯಾಗಿ ಸುತ್ತಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಂಡು ಗೋಂದು ಒಣಗುವವರೆಗೂ ಬಿಡಲಿಲ್ಲ. ಆ ವರ್ಷದ ಪತ್ರಿಕೆಯ ಅಂಚು ನೀಲಿ. ಸರ ನೆಲದ ಹತ್ತಿರ ಬರುವ ಹೊತ್ತಿಗೆ ಬಿಸಿಲು ಪಡಸಾಲೆಯಿಂದ ಇಳಿದಿತ್ತು.

"ಅಕ್ಕ, ಈಗಲಾದ್ರೂ ತಗೊಂಡು ಹೋಗಿ. ನಮ್ಮ ಹುಡುಗಿಗೆ ಎರಡು ಮಕ್ಕಳಾದ್ವು. ಇನ್ನು ಯಾರು ಕೇಳ್ತಾರೆ?" ಎಂದೆ.

"ಇಲ್ಲೇ ಇರ್ಲಿ. ಕೊನೇ ಸರ ಮುಗೀತಲ್ಲ, ಸಾಕು," ಎಂದರು. ಎದ್ದು ಸೆರಗಿನಿಂದ ಕಾಗದದ ಚೂರು ಕೊಡವಿಕೊಂಡರು. ಹೊರಗೆ ಹೋದರು. ಚಪ್ಪಲಿ ಮೆಟ್ಟಿದ ಸದ್ದು, ನಮ್ಮ ಗೇಟಿನ ಸದ್ದು. ಮನೆಗೆ ಹೊರಟರೆಂದುಕೊಂಡೆ. ಆಮೇಲೆ ಬಾಗಿಲು ತಟ್ಟಿದ್ದು ಕೇಳಿಸಿತು.

ಅತ್ತೆ ಒಳಗಿನಿಂದಲೇ, "ಯಾರು?" ಎಂದರು.

"ನೆಂಟರು ಕಣಮ್ಮ."

ಅವರು ಒಳಗೆ ಬಂದು, ಬೆತ್ತದ ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕೂತು, ಮೇಲಿನಿಂದ ಕೆಳಗಿನವರೆಗೆ ಪರದೆಯನ್ನು ನೋಡಿದರು. ಅತ್ತೆ ಕೈ ಒರೆಸಿಕೊಳ್ಳುತ್ತ ಸರಗಳನ್ನು ಸರಿಸಿಕೊಂಡು ಬಂದು ನಿಂತರು.

"ಚೆನ್ನಾಗಿದೆಯಲ್ರೀ," ಎಂದರು ಅವರು. "ಇದು ಯಾರು ಮಾಡಿದ್ದು?"

ಅತ್ತೆ ಅವರ ಮುಖ ನೋಡಿದರು.

"ನಮ್ಮ ಕೊನೆಮನೆಯವರು," ಎಂದರು ಆಮೇಲೆ. "ತಾಯಿ ಮಗಳು ಸೇರಿ ಮಾಡಿದ್ದು. ನಮ್ಮನೇಲಿ ಯಾರಿಗೂ ಇದು ಬರಲ್ಲ."

"ಹೌದಾ," ಎಂದು ಅವರು ಹೊಸಬರ ಹಾಗೆ ತಲೆಯಾಡಿಸಿ, ನಾನು ತಂದ ಕಾಫಿಯ ಲೋಟಕ್ಕೆ ಕೈ ಚಾಚಿದರು.